ಚೌತಿಯಿಂದ ದೀಪಾವಳಿವರೆಗೆ: ಮುಂಬೈ ಮನೆಯಲ್ಲಿ ಧಾವಂತ ಇಲ್ಲದೆ ಹಬ್ಬ ಮಾಡುವುದು ಹೇಗೆ

ಮುಂಬೈಯ ಕನ್ನಡದ ಮನೆಗಳಲ್ಲಿ ಶ್ರಾವಣ ಶುರುವಾಯಿತು ಅಂದರೆ ಬಲಿಪಾಡ್ಯಮಿ ಕಳೆಯುವವರೆಗೆ ಪುರುಸೊತ್ತು ಸಿಗುವುದಿಲ್ಲ. ವರಮಹಾಲಕ್ಷ್ಮಿ, ಗೌರಿ-ಗಣೇಶ, ನವರಾತ್ರಿ, ರಾಜ್ಯೋತ್ಸವ, ದೀಪಾವಳಿ ನಮ್ಮವು. ಜೊತೆಗೆ ಪಕ್ಕದ ಮನೆಯವರ ಗಣಪತಿ ದರ್ಶನ, ಸೊಸೈಟಿಯ ಸತ್ಯನಾರಾಯಣ ಪೂಜೆ, ಆಫೀಸಿನಲ್ಲಿ ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣದ ಸೀರೆ. ಊರಲ್ಲಾದರೆ ಅತ್ತಿಗೆ, ನಾದಿನಿ, ಚಿಕ್ಕಮ್ಮ ಅಂತ ನಾಲ್ಕು ಜನ ಕೈ ಹಾಕುತ್ತಾರೆ. ಇಲ್ಲಿ ಒಂದು ಬೆಡ್‌ರೂಮಿನ ಮನೆ, ಗಂಡ-ಹೆಂಡತಿ ಇಬ್ಬರಿಗೂ ಕೆಲಸ, ಲೋಕಲ್‌ನಲ್ಲಿ ಹೋಗಿ ಬರಲೇ ಎರಡು-ಮೂರು ಗಂಟೆ.

ನಾನು ಮುಲುಂಡ್‌ನಲ್ಲಿರುವವಳು. ಇಷ್ಟು ವರ್ಷ ಹಬ್ಬ ಮಾಡಿ, ಸುತ್ತಲಿನ ಮನೆಗಳನ್ನೂ ನೋಡಿ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದು ಮಾತು. ಕೆಲಸ ಜಾಸ್ತಿ ಇದ್ದರೂ ಹೇಗೋ ಆಗುತ್ತದೆ. ಆ ಕೆಲಸದ ಪಟ್ಟಿ ಪೂರ್ತಿ ಒಬ್ಬರ ತಲೆಯಲ್ಲೇ ಕೂತಾಗ ಮಾತ್ರ ಜೀವ ಹೈರಾಣಾಗುತ್ತದೆ. ಆ ಒಬ್ಬರು ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಹಾಲು ಎಷ್ಟು ಹೇಳಬೇಕು, ಕುಂಕುಮಕ್ಕೆ ಬರುವವರಿಗೆ ಬ್ಲೌಸ್ ಪೀಸ್ ಎಷ್ಟು ಉಳಿದಿವೆ, ಮಾವನ ಬಿಪಿ ಮಾತ್ರೆ ಯಾವತ್ತು ಮುಗಿಯುತ್ತದೆ, ಎಲ್ಲ ಅವಳಿಗೇ ಗೊತ್ತು. ಉಳಿದವರು "ಏನಾದ್ರೂ ಮಾಡ್ಬೇಕಾ ಹೇಳು" ಅನ್ನುತ್ತಾರೆ, ಆದರೆ ಯಾರಿಗೆ ಏನು ಹೇಳಬೇಕು ಅಂತ ಯೋಚಿಸುವುದೂ ಮತ್ತೆ ಅವಳ ತಲೆಗೇ ಬರುತ್ತದೆ ಅಲ್ವಾ? ಕೆಳಗೆ ಬರೆದಿರುವ ಹಂತಗಳೆಲ್ಲ ಆ ಪಟ್ಟಿಯನ್ನು ತಲೆಯಿಂದ ಗೋಡೆಗೆ ಇಳಿಸುವುದಕ್ಕೆ.

ಹಂತ 1: ಗೋಡೆಯ ಮೇಲೆ ಇಡೀ ಸೀಸನ್ ಬರೆಯಿರಿ

ಮುಂಬೈಯ ಅಡುಗೆಮನೆಗಳಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ತೂಗಾಡುತ್ತಲೇ ಇರುತ್ತದೆ, ಕನ್ನಡದಲ್ಲೂ ಸಿಗುತ್ತದೆ. ಅದೇ ಸಾಕು. ಫೋನಿನ ಕ್ಯಾಲೆಂಡರ್ ಒಬ್ಬರಿಗೆ ಮಾತ್ರ ಕಾಣುತ್ತದೆ, ಗೋಡೆಯದ್ದು ಎಲ್ಲರಿಗೂ ಕಾಣುತ್ತದೆ, ಅದಕ್ಕೇ ಗೋಡೆ. ಪಕ್ಕದಲ್ಲಿ ಒಂದು ದೊಡ್ಡ ಹಾಳೆ ಅಂಟಿಸಿ. ದಾರ ಕಟ್ಟಿದ ಒಂದು ಪೆನ್ನು ಅಲ್ಲೇ ಇರಲಿ, ಇಲ್ಲದಿದ್ದರೆ ಪೆನ್ನು ಹುಡುಕುವಷ್ಟರಲ್ಲಿ ಬರೆಯಬೇಕಾದ್ದು ಮರೆತೇ ಹೋಗುತ್ತದೆ.

ಮೊದಲು ಹಬ್ಬದ ದಿನಗಳನ್ನು ಗುರುತು ಮಾಡಿ. ಹೋದ ವರ್ಷದ ಅಂದಾಜಿನಲ್ಲಿ ಕೂರಬೇಡಿ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ನಡುವೆ ಬರುವುದರಿಂದ ಚೌತಿ ಸೆಪ್ಟೆಂಬರ್ 14, ಸೋಮವಾರ. ಅನಂತ ಚತುರ್ದಶಿ ಸೆಪ್ಟೆಂಬರ್ 25. ನವರಾತ್ರಿ ಅಕ್ಟೋಬರ್ 11ಕ್ಕೆ ಶುರು, ವಿಜಯದಶಮಿ 20ಕ್ಕೆ. ನರಕ ಚತುರ್ದಶಿ ಮತ್ತು ಲಕ್ಷ್ಮೀಪೂಜೆ ಎರಡೂ ನವೆಂಬರ್ 8ರ ಭಾನುವಾರವೇ ಬರುತ್ತವೆ, ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಪೂಜೆ. ಬಲಿಪಾಡ್ಯಮಿ 10ಕ್ಕೆ. ನಡುವೆ ಒಂದು ಸೋಮವಾರ ಖಾಲಿ ಸಿಗುತ್ತದೆ, ಅದನ್ನು ಖಾಲಿಯಾಗಿಯೇ ಬಿಡಿ, ದಯವಿಟ್ಟು.

ಆಮೇಲೆ ಹಬ್ಬ ಅಲ್ಲದ ದಿನಗಳು. ಮಕ್ಕಳ ಪರೀಕ್ಷೆ, ಆಫೀಸಿನಲ್ಲಿ ತಿಂಗಳ ಕೊನೆಯ ಕೆಲಸ, ಅತ್ತೆಯ ಕಣ್ಣಿನ ಡಾಕ್ಟರ್, ಕನ್ನಡ ಸಂಘದ ಕಾರ್ಯಕ್ರಮ, ಅದಕ್ಕೆ ಮಗಳ ನೃತ್ಯದ ಪ್ರಾಕ್ಟೀಸು. 2026ರ ನವೆಂಬರ್ 1 ಭಾನುವಾರ. ದೀಪಾವಳಿಗೆ ಸರಿಯಾಗಿ ಒಂದು ವಾರ ಮೊದಲು. ಮಾಟುಂಗಾದಲ್ಲೋ ಮಾಹಿಮ್‌ನಲ್ಲೋ ರಾಜ್ಯೋತ್ಸವಕ್ಕೆ ಹೋಗುವ ಮನೆ ನಿಮ್ಮದಾದರೆ, ಚಕ್ಕುಲಿ ಮಾಡಲು ಇಟ್ಟುಕೊಂಡ ಭಾನುವಾರ ಅಲ್ಲಿಗೆ ಹೋಯಿತು. ಇದು ಈಗಲೇ ಹಾಳೆಯ ಮೇಲೆ ಕಂಡರೆ ಒಂದು ವಾರ ಹಿಂದೆ ಸರಿಸಬಹುದು.

ಇನ್ನೊಂದು, ಮುಂಬೈಯವರಿಗೆ ಮಾತ್ರ ಅರ್ಥವಾಗುವಂಥದ್ದು: ಭಾನುವಾರದ ಮೆಗಾ ಬ್ಲಾಕ್. ಸೆಂಟ್ರಲ್ ಮತ್ತು ಹಾರ್ಬರ್ ಲೈನಿನಲ್ಲಿ ಭಾನುವಾರ ಹಳಿ ರಿಪೇರಿಗೆ ಅಂತ ಕೆಲವು ತಾಸು ಗಾಡಿಗಳನ್ನು ನಿಲ್ಲಿಸುತ್ತಾರೆ ಅಥವಾ ಬೇರೆ ಲೈನಿಗೆ ತಿರುಗಿಸುತ್ತಾರೆ, ವೆಸ್ಟರ್ನ್‌ನವರು ಅದನ್ನೇ ಜಂಬೋ ಬ್ಲಾಕ್ ಅನ್ನುತ್ತಾರೆ. ಯಾವ ಸ್ಟೇಷನ್ನುಗಳ ನಡುವೆ ಅಂತ ಮೊದಲೇ ತಿಳಿಸುತ್ತಾರೆ. ಶನಿವಾರ ರಾತ್ರಿ ಒಂದು ಸಲ ನೋಡಿಕೊಂಡರೆ ಎರಡೂ ಕೈಯಲ್ಲಿ ಚೀಲ ಹಿಡಿದು ಪ್ಲಾಟ್‌ಫಾರ್ಮ್‌ನಲ್ಲಿ ನಿಲ್ಲುವುದು ತಪ್ಪುತ್ತದೆ.

ಹಂತ 2: ಊರಿಗೋ ಇಲ್ಲೋ, ಜೂನ್‌ನಲ್ಲೇ ನಿರ್ಧಾರ ಆಗಲಿ

ಇಡೀ ಸೀಸನ್ನಿನ ಅರ್ಧ ಟೆನ್ಷನ್ ಈ ಒಂದು ನಿರ್ಧಾರ ನೇತಾಡುತ್ತಿರುವುದರಿಂದಲೇ. "ನೋಡೋಣ, ರಜೆ ಸಿಕ್ಕರೆ ಬರ್ತೀವಿ" ಅಂದರೆ ಊರಲ್ಲಿ ಅಮ್ಮ ಕಾಯುತ್ತಾರೆ, ಇಲ್ಲಿ ನಾವು ಕಾಯುತ್ತೇವೆ. ಎರಡು ಹಬ್ಬದಲ್ಲಿ ಒಂದನ್ನು ಊರಿಗೆ ಕೊಡಿ, ಒಂದನ್ನು ಇಲ್ಲಿಗೆ ಇಟ್ಟುಕೊಳ್ಳಿ. ಫೋನ್ ಮಾಡಿ ನೇರ ಹೇಳಿಬಿಡಿ: "ಅತ್ತೆ, ಈ ಸಲ ಚೌತಿಗೆ ಬರ್ತೀವಿ, ದೀಪಾವಳಿ ಇಲ್ಲೇ. ನೀವೇ ದೀಪಾವಳಿಗೆ ಇಲ್ಲಿಗೆ ಬನ್ನಿ, ಟಿಕೆಟ್ ನಾವು ಮಾಡಿಸ್ತೀವಿ." ಮೊದಲು ಸ್ವಲ್ಪ ಬೇಜಾರಾಗಬಹುದು. ಆದರೆ ಮೂರು ತಿಂಗಳ ಮೊದಲು ಹೇಳಿದ ಮಾತಿಗೆ ಆಗುವ ಬೇಜಾರು, ಮೂರು ದಿನ ಮೊದಲು ಹೇಳಿದಾಗ ಆಗುವಷ್ಟು ಇರುವುದಿಲ್ಲ.

ಈಗ ಟಿಕೆಟ್. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಬಿಟ್ಟು ಲೆಕ್ಕ. ಚೌತಿಗೆ ಸೆಪ್ಟೆಂಬರ್ 11ರ ಶುಕ್ರವಾರ ಹೊರಡುವುದಾದರೆ ಜುಲೈ 13ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ದೀಪಾವಳಿಗೆ ನವೆಂಬರ್ 6ರ ಶುಕ್ರವಾರ ಹೊರಡುವುದಾದರೆ ಸೆಪ್ಟೆಂಬರ್ 7ಕ್ಕೆ, 11ರಂದು ವಾಪಸ್ ಬರುವ ಟಿಕೆಟ್ ಸೆಪ್ಟೆಂಬರ್ 12ಕ್ಕೆ. ಗಮನಿಸಿ, ಚೌತಿಗೆ ಇನ್ನೆರಡೇ ದಿನ ಇರುವಾಗ, ಮನೆ ತುಂಬ ಗಲಾಟೆ ಇರುವಾಗ, ದೀಪಾವಳಿಯ ವಾಪಸ್ ಟಿಕೆಟ್ ತೆರೆಯುತ್ತದೆ. ಅದನ್ನು ನೆನಪಿಟ್ಟುಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಹಬ್ಬದ ದಿನಕ್ಕಿಂತ ದಪ್ಪ ಅಕ್ಷರದಲ್ಲಿ ಈ ದಿನಗಳನ್ನು ಹಾಳೆಯಲ್ಲಿ ಬರೆಯಿರಿ.

ಹಿಂದಿನ ದಿನ ರಾತ್ರಿಯೇ ಐಆರ್‌ಸಿಟಿಸಿ ಖಾತೆಗೆ ಲಾಗಿನ್ ಆಗುತ್ತದಾ ನೋಡಿ, ಎಲ್ಲರ ಹೆಸರು-ವಯಸ್ಸು ಮಾಸ್ಟರ್ ಲಿಸ್ಟ್‌ನಲ್ಲಿ ಹಾಕಿಡಿ. ಖಾತೆಗೆ ಆಧಾರ್ ಪರಿಶೀಲನೆ ಆಗಿರಲೇಬೇಕು, ಈಗ ಬುಕಿಂಗ್ ತೆರೆದ ಕೂಡಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯಲೂ ಅದು ಬೇಕು, ತತ್ಕಾಲ್‌ಗೂ ಬೇಕು. ತತ್ಕಾಲ್ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ತೆರೆಯುತ್ತದೆ. ಆದರೆ ಹಬ್ಬದ ಹೊತ್ತಿನಲ್ಲಿ ತತ್ಕಾಲ್ ನಂಬಿಕೊಂಡು ಕೂರಬೇಡಿ. ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಆದ ಮೇಲೆ ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ.

ಕಲಬುರಗಿ-ರಾಯಚೂರು ಕಡೆಯವರಿಗೆ ಒಂದು ಮಾತು. ವಾಪಸ್ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಹಿಂದಿನ ದಿನ ರಾತ್ರಿಯೇ ಬೆಂಗಳೂರು ಬಿಟ್ಟಿರುತ್ತದೆ. ಬುಕಿಂಗ್ ದಿನದ ಲೆಕ್ಕ ಗಾಡಿ ಮೂಲ ಸ್ಟೇಷನ್ ಬಿಡುವ ದಿನದಿಂದ, ಹಾಗಾಗಿ ನಿಮಗೆ ಒಂದು ದಿನ ಮೊದಲೇ ತೆರೆಯುತ್ತದೆ. ಉಡುಪಿ-ಮಂಗಳೂರು ಕಡೆಯವರು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಟೈಮನ್ನು ಹಳೆಯ ನೆನಪಿನ ಮೇಲೆ ನಂಬಬೇಡಿ, ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ. ಅದಲ್ಲದೆ ಚೌತಿಗೆ ಆ ದಾರಿಯಲ್ಲಿ ರತ್ನಾಗಿರಿ-ಸಿಂಧುದುರ್ಗದ ಜನವೆಲ್ಲ ಊರಿಗೆ ಹೊರಟಿರುತ್ತಾರೆ. ರೈಲ್ವೆಯವರು ಗಣಪತಿ ಸ್ಪೆಷಲ್ ಗಾಡಿ ಬಿಡುತ್ತಾರೆ, ಅದರ ಪ್ರಕಟಣೆ ಮೇಲೂ ಕಣ್ಣಿಡಿ.

ಆಫೀಸಿಗೆ ರಜೆ ಅರ್ಜಿಯನ್ನೂ ಟಿಕೆಟ್ ಮಾಡಿದ ದಿನವೇ ಹಾಕಿ. ದೀಪಾವಳಿಗೆ ಮರಾಠಿಯವರಿಗೂ ರಜೆ ಬೇಕು, ಗುಜರಾತಿಯವರಿಗೂ ಬೇಕು. ಮೊದಲು ಕೇಳಿದವರಿಗೆ ಸಿಗುತ್ತದೆ, ಅಷ್ಟೇ.

ಹಂತ 3: ಏನು ಮಾಡುವುದಿಲ್ಲ ಅಂತ ಮನೆಯವರೆಲ್ಲ ಕೂತು ತೀರ್ಮಾನಿಸಿ

ಒಂದು ಸಂಜೆ ಟಿವಿ ಆಫ್ ಮಾಡಿ, ಎಲ್ಲರನ್ನೂ ಕೂರಿಸಿ. ಪ್ರತಿಯೊಬ್ಬರೂ "ಇದಿಲ್ಲದಿದ್ದರೆ ನನಗೆ ಹಬ್ಬವೇ ಅಲ್ಲ" ಅನಿಸುವ ಒಂದು ಸಂಗತಿ ಹೇಳಲಿ. ನಿಮಗೆ ಆಶ್ಚರ್ಯವಾಗುತ್ತದೆ. ಮಕ್ಕಳಿಗೆ ಬೇಕಿರುವುದು ಗೂಡುದೀಪ ಕಟ್ಟುವುದು, ಇವರಿಗೆ ಬೆಳಗಿನ ಎಣ್ಣೆಸ್ನಾನ, ಮಾವನಿಗೆ ಹೋಳಿಗೆ. ಏಳು ಬಗೆ ತಿಂಡಿ, ಹೊಸ ಪರದೆ, ಇಡೀ ಕಟ್ಟಡಕ್ಕೆ ಹಂಚುವ ಡಬ್ಬಿ, ಇವನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದು ಉಳಿಯಲಿ. ಕೇಳದೇ ಇದ್ದದ್ದು ಈ ವರ್ಷ ಕೈಬಿಡಿ ಅಥವಾ ಕೊಂಡು ತನ್ನಿ.

ಕೊಂಡು ತಂದರೆ ಹಬ್ಬದ ಕಳೆ ಹೋಗುತ್ತದೆ ಅನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಊರಿನಲ್ಲಿ ಮನೆಯಲ್ಲೇ ಫರಾಳ, ಅಂದರೆ ದೀಪಾವಳಿಯ ತಿಂಡಿ, ಮಾಡಿ ಕೊಡುವ ಹೆಂಗಸರು, ಮಹಿಳಾ ಬಚತ್ ಗಟ್‌ಗಳು (ಸ್ವಸಹಾಯ ಸಂಘಗಳು) ಬೀದಿಬೀದಿಗೆ ಇವೆ. ಅವರ ಹತ್ತಿರ ಅರ್ಧ ಕೊಂಡರೆ ಅವರಿಗೂ ಹಬ್ಬ, ನಮಗೂ ಹಬ್ಬ. ಆದರೆ ಆರ್ಡರ್ ಬೇಗ ಕೊಡಬೇಕು, ಕೊನೆಯ ವಾರದಲ್ಲಿ ಅವರು ಹೊಸ ಆರ್ಡರ್ ತೆಗೆದುಕೊಳ್ಳುವುದಿಲ್ಲ.

ಹಂತ 4: ಸಹಾಯ ಕೇಳಬೇಡಿ, ಪೂರ್ತಿ ಕೆಲಸ ಕೊಡಿ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ಸುಮ್ನೆ. "ಸ್ವಲ್ಪ ಹೂವು ತಂದುಬಿಡು" ಅಂದರೆ ಯಾವ ಹೂವು, ಎಷ್ಟು, ಎಲ್ಲಿ, ಯಾವಾಗ ಅಂತ ನಾಲ್ಕು ಫೋನ್ ಬರುತ್ತದೆ. ಅದರ ಬದಲು ಹಾಳೆಯ ಮೇಲೆ "ಹೂವು, ಎಲೆ, ಪತ್ರೆ: ಅಪ್ಪ" ಅಂತ ಬರೆಯಿರಿ. ಯೋಚನೆ ಮಾಡುವುದು, ಲೆಕ್ಕ ಹಾಕುವುದು, ತರುವುದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುವುದು, ಬಾಡಿದ ಮೇಲೆ ನಿರ್ಮಾಲ್ಯ ತೆಗೆದುಕೊಂಡು ಹೋಗಿ ಹಾಕುವುದು, ಎಲ್ಲ ಅಪ್ಪನದೇ. ಮೊದಲ ಸಲ ಗರಿಕೆ ಬದಲು ಬೇರೇನೋ ಹುಲ್ಲು ಬರಬಹುದು. ಬರಲಿ. ಮುಂದಿನ ಸಲ ಸರಿಯಾಗಿ ಬರುತ್ತದೆ. ನಡುವೆ ಹೋಗಿ ನೀವೇ ಸರಿಮಾಡಿದರೆ ಆ ಕೆಲಸ ಜೀವನಪೂರ್ತಿ ನಿಮ್ಮದೇ ಆಗುತ್ತದೆ.

ಹತ್ತು-ಹನ್ನೆರಡು ವರ್ಷದ ಮಕ್ಕಳು ರಂಗೋಲಿ, ದೀಪಗಳನ್ನು ತೊಳೆದು ಒಣಗಿಸಿ ಬತ್ತಿ ಹಾಕುವುದು, ಕುಂಕುಮಕ್ಕೆ ಬಂದವರಿಗೆ ತಾಂಬೂಲ ಜೋಡಿಸುವುದು ಆರಾಮಾಗಿ ಮಾಡುತ್ತಾರೆ. ಹಿರಿಯರು ಕೂತಲ್ಲೇ ಫೋನಿನಲ್ಲಿ ಪುರೋಹಿತರ ಹತ್ತಿರ ಮಾತಾಡಿ ಸಮಯ ಗೊತ್ತುಮಾಡುವ ಕೆಲಸ ತೆಗೆದುಕೊಳ್ಳಲಿ. ಚೌತಿಯ ಬೆಳಗ್ಗೆ ಒಬ್ಬ ಭಟ್ಟರು ಎಷ್ಟು ಮನೆ ಓಡಾಡುತ್ತಾರೆ ಅಂತ ನಿಮಗೆ ಗೊತ್ತು, ತಿಂಗಳ ಮೊದಲೇ ಹೇಳಿಡಬೇಕು.

ಹಂತ 5: ಗಣಪತಿ ಇಡುವ ಮನೆಯವರಿಗೆ

ಮೂರ್ತಿಯನ್ನು ಕಾರ್ಖಾನೆಗೆ ಹೋಗಿ ನೋಡಿ ಮುಂಗಡ ಕೊಟ್ಟು ಹೆಸರು ಬರೆಸಿ ಬನ್ನಿ. ಶಾಡು ಮಣ್ಣಿನದು (ನೀರಲ್ಲಿ ಕರಗುವ ಜೇಡಿಮಣ್ಣು), ಚಿಕ್ಕದು ಇರಲಿ. ಇದರಿಂದ ಕೊನೆಯ ದಿನದ ತಲೆನೋವು ಎಷ್ಟು ಕಡಿಮೆಯಾಗುತ್ತದೆ ಗೊತ್ತಾ? ಮಣ್ಣಿನ ಚಿಕ್ಕ ಮೂರ್ತಿಯನ್ನು ಮನೆಯಲ್ಲೇ ದೊಡ್ಡ ಬಕೆಟ್‌ನಲ್ಲಿ ವಿಸರ್ಜನೆ ಮಾಡಬಹುದು, ಮಣ್ಣು ಕರಗಿದ ಮೇಲೆ ನೀರನ್ನು ಗಿಡಕ್ಕೆ ಹಾಕಬಹುದು. ಗಿರ್ಗಾಂವ್ ಚೌಪಾಟಿಯ ಜನಸಾಗರಕ್ಕೆ ಮಗುವನ್ನು ಎತ್ತಿಕೊಂಡು ಹೋಗಲೇಬೇಕು ಅಂತೇನಿಲ್ಲ. ಹೊರಗೇ ಆಗಬೇಕು ಅನ್ನುವವರಿಗೆ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಪ್ರತಿ ವರ್ಷ ಕೃತಕ ಕೊಳಗಳನ್ನು ಮಾಡುತ್ತದೆ. ನಡೆದು ಹೋಗುವಷ್ಟು ದೂರದಲ್ಲಿ ಯಾವುದಿದೆ ಅಂತ ಮೊದಲೇ ನೋಡಿಡಿ.

ಎಷ್ಟು ದಿನ ಇಡುತ್ತೀರಿ ಅನ್ನುವುದೂ ಮುಖ್ಯ. ಒಂದೂವರೆ ದಿನ, ಐದು, ಏಳು, ಹತ್ತು, ಇಲ್ಲಿ ಎಲ್ಲ ಪದ್ಧತಿಯೂ ಇದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಒಂದೂವರೆ ದಿನ ಸಾಕು ಅಂತ ನನ್ನ ಬಲವಾದ ಅನಿಸಿಕೆ. ಮನೆಯಲ್ಲಿ ಯಾರೂ ಇಲ್ಲದೆ ದೇವರನ್ನು ಬಿಟ್ಟು ಓಡುವ ಸಂಕಟ ಇರುವುದಿಲ್ಲ.

ದರ್ಶನಕ್ಕೆ ಬರುವವರ ವಿಷಯ. ನಮ್ಮಲ್ಲಿ ಗೌರಿ ಸಾಮಾನ್ಯವಾಗಿ ಚೌತಿಯ ಹಿಂದಿನ ದಿನ, ಮರಾಠಿಯವರ ಗೌರಿ ಚೌತಿ ಆದ ಮೇಲೆ ಬರುತ್ತಾಳೆ. ಹಾಗಾಗಿ ನಾವು ಅವರ ಮನೆಗೆ ಹೋಗುವ ದಿನಗಳನ್ನು ಮೊದಲ ದಿನಕ್ಕೆ ತುರುಕಬೇಕಾಗಿಲ್ಲ. ನಮ್ಮ ಮನೆಗೆ ಕರೆಯುವಾಗ "ಯಾವಾಗ ಬೇಕಾದ್ರೂ ಬನ್ನಿ" ಅನ್ನುವ ಬದಲು "ಸಂಜೆ 6ರಿಂದ 9ರ ಒಳಗೆ ಬನ್ನಿ" ಅಂತ ಹೇಳಿ. ಬರುವವರಿಗೂ ಅದೇ ಅನುಕೂಲ. ಪ್ರಸಾದಕ್ಕೆ ಪಂಚಕಜ್ಜಾಯ, ಒಂದು ಉಸಲಿ, ಕುಡಿಯಲು ಪಾನಕ. ಗ್ಯಾಸ್ ಮುಂದೆ ನಿಂತು ಪ್ರತಿ ಗುಂಪಿಗೂ ಟೀ ಮಾಡುತ್ತಾ ಸಂಜೆ ಕಳೆಯುವುದು ಬೇಡ.

ಸಾರ್ವಜನಿಕ ಗಣಪತಿ ನೋಡುವುದಿದ್ದರೆ ವಾರದ ನಡುವೆ ಬೆಳಗಿನ ಜಾವ ಹೋಗಿ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿ ಐದೇ ದಿನ ಇರುವುದು, ಅದನ್ನು ಮೊದಲು ಹಾಕಿಕೊಳ್ಳಿ. ಉಳಿದವಕ್ಕೆ ಅನಂತ ಚತುರ್ದಶಿವರೆಗೆ ಸಮಯ ಇದೆ.

ಹಂತ 6: ಸ್ವಚ್ಛತೆಗೆ ಪಿತೃಪಕ್ಷ

ದೀಪಾವಳಿಗೆ ಮೂರು ದಿನ ಮುಂಚೆ ಲಾಫ್ಟ್ ಇಳಿಸುವ ಅಭ್ಯಾಸ ಬಿಟ್ಟುಬಿಡಿ. ಅನಂತ ಚತುರ್ದಶಿ ಮುಗಿದು ನವರಾತ್ರಿ ಶುರುವಾಗುವ ಮೊದಲಿನ ಎರಡು ವಾರ, ಅಂದರೆ ಪಕ್ಷದ ದಿನಗಳಲ್ಲಿ, ಹೊಸ ಖರೀದಿ ಇರುವುದಿಲ್ಲ, ಶ್ರಾದ್ಧ ಬಿಟ್ಟರೆ ಕಾರ್ಯಕ್ರಮಗಳೂ ಕಡಿಮೆ. ಮಳೆಯ ಜೋರೂ ತಗ್ಗುತ್ತಾ ಬಂದಿರುತ್ತದೆ. ಆಗ ದಿನಕ್ಕೆ ಒಂದೇ ಜಾಗ: ಇವತ್ತು ಒಂದು ಕಪಾಟು, ನಾಳೆ ಕಿಚನ್ ಟ್ರಾಲಿ, ಭಾನುವಾರ ಲಾಫ್ಟ್. ಮೇಲಿನಿಂದ ಕೆಳಕ್ಕೆ ಬನ್ನಿ, ಫ್ಯಾನ್ ಮೊದಲು, ನೆಲ ಕೊನೆಗೆ. ನಿಮ್ಮ ಕಟ್ಟಡದಲ್ಲಿ ನೀರು ಬರುವುದಕ್ಕೆ ಹೊತ್ತು ಇದ್ದರೆ ತೊಳೆಯುವ ಕೆಲಸವನ್ನು ಆ ಹೊತ್ತಿಗೇ ಹೊಂದಿಸಿ, ಒರೆಸುವ ಕೆಲಸ ಮಿಕ್ಕ ಹೊತ್ತಿನಲ್ಲಿ ಆಗುತ್ತದೆ. ಪರದೆ, ಹೊದಿಕೆ ಮಾತ್ರ ಅಕ್ಟೋಬರ್ ಬಿಸಿಲಿಗೆ ಬಿಡಿ, ಒಂದೇ ದಿನದಲ್ಲಿ ಒಣಗುತ್ತವೆ. ಹಳೆ ಪೇಪರ್ ಕೊಳ್ಳುವ ರದ್ದಿವಾಲಾನನ್ನೂ ಈಗಲೇ ಕರೆಸಿ, ದೀಪಾವಳಿ ಹತ್ತಿರ ಬಂದರೆ ಅವನು ಕೈಗೆ ಸಿಗುವುದಿಲ್ಲ.

ಹಂತ 7: ಬಜಾರು

ಚೌತಿಯ ಹಿಂದಿನ ಸಂಜೆ ದಾದರ್ ವೆಸ್ಟ್‌ನಲ್ಲಿ ಸೇತುವೆಯ ಮೆಟ್ಟಿಲು ಇಳಿಯುವುದಕ್ಕೇ ಸಾಲು ನಿಲ್ಲಬೇಕು. ಕೆಳಗೆ ಹೂವಿನ ಗಲ್ಲಿಯಲ್ಲಿ ಮಳೆಗೆ ನೆಂದ ಚೆಂಡುಹೂವು ಕಾಲಡಿ ಜಾರುತ್ತದೆ, ಮೇಲೆ ನೀಲಿ ಪ್ಲಾಸ್ಟಿಕ್‌ನಿಂದ ತೊಟ್ಟಿಕ್ಕುವ ನೀರು ಕುತ್ತಿಗೆಗೆ ಬೀಳುತ್ತದೆ, ಬೆಳಗ್ಗೆ ಇದ್ದ ದರ ಸಂಜೆಗೆ ಇರುವುದಿಲ್ಲ. ಅದೇ ಗಲ್ಲಿಗೆ ಎರಡು ದಿನ ಮೊದಲು, ಬೆಳಗಿನ ಜಾವದ ಲೋಕಲ್ ಹಿಡಿದು ಹೋದರೆ ಹೂವು ತಾಜಾ ಇರುತ್ತದೆ, ದರವೂ ಹಿತವಾಗಿರುತ್ತದೆ, ಮಾರುವವರೂ ಎರಡು ಮಾತಾಡುವಷ್ಟು ಸಮಾಧಾನದಲ್ಲಿರುತ್ತಾರೆ.

ಯಾವುದು ಎಷ್ಟು ದಿನ ತಾಳುತ್ತದೆ ಅಂತ ಗೊತ್ತಿದ್ದರೆ ಸಾಕು. ತೆಂಗಿನಕಾಯಿ, ಅಡಿಕೆ, ಕರ್ಪೂರ, ಬತ್ತಿ, ಬೆಲ್ಲ, ಬೇಳೆಯನ್ನು ಎರಡು ವಾರ ಮೊದಲೇ ತನ್ನಿ. ವೀಳ್ಯದೆಲೆ, ಗರಿಕೆ, ಮಾವಿನೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಎರಡು-ಮೂರು ದಿನ ಬರುತ್ತವೆ. ಚೆಂಡುಹೂವು ಪೇಪರಿನಲ್ಲಿ ಸುತ್ತಿದರೆ ಎರಡು ದಿನ ಚೆನ್ನಾಗಿರುತ್ತದೆ. ಮಲ್ಲಿಗೆ ಮಾತ್ರ ಅವತ್ತಿನದೇ ಆಗಬೇಕು. ಬಾಳೆಎಲೆ, ಮಲ್ಲಿಗೆ, ಕನಕಾಂಬರ, ನಮ್ಮ ಕಡೆಯ ತರಕಾರಿಗೆ ಮಾಟುಂಗಾ ಮಾರ್ಕೆಟ್ ಇದ್ದೇ ಇದೆ. ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಮೇಲಾಗಿ ಅಲ್ಲೇ ಒಂದು ಫಿಲ್ಟರ್ ಕಾಫಿ ಕುಡಿದು ಬರಬಹುದು. ಮಸಾಲೆಗೆ ಲಾಲ್‌ಬಾಗ್, ಡ್ರೈಫ್ರೂಟ್‌ಗೆ ಮಸ್ಜಿದ್ ಬಂದರ್ ಅಂತ ಊರು ಸುತ್ತುವುದು ಜಾಸ್ತಿ ಪ್ರಮಾಣದಲ್ಲಿ ಬೇಕಿದ್ದರೆ ಮಾತ್ರ, ಇಲ್ಲದಿದ್ದರೆ ಮೂಲೆಯ ಕಿರಾಣಿಯವನೇ ಸಾಕು. ಸಿಲಿಂಡರ್ ಇರುವ ಮನೆಯವರು ಚಕ್ಕುಲಿ ಶುರುಮಾಡುವ ಮೊದಲು ಇನ್ನೊಂದು ತುಂಬಿದ್ದು ಇದೆಯಾ ನೋಡಿಕೊಳ್ಳಿ.

ಹಂತ 8: ಅಡುಗೆಯನ್ನು ಹಿಂದಿನಿಂದ ಲೆಕ್ಕ ಹಾಕಿ

ಹಬ್ಬದ ದಿನ ಬೆಳಗ್ಗೆ ಒಲೆಯ ಮೇಲೆ ಏನಿರಲೇಬೇಕು? ಅದನ್ನು ಮಾತ್ರ ಆ ದಿನಕ್ಕೆ ಬಿಡಿ.

ಕಡುಬಿಗೆ ಕಾಯಿ-ಬೆಲ್ಲದ ಹೂರಣ, ಹೋಳಿಗೆಗೆ ಕಡಲೆಬೇಳೆ ಹೂರಣ, ಎರಡನ್ನೂ ಎರಡು ದಿನ ಮೊದಲು ಮಾಡಿ ಫ್ರಿಜ್‌ನಲ್ಲಿಡಬಹುದು. ತಟ್ಟುವುದಕ್ಕೆ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ, ತಣ್ಣಗಿನ ಹೂರಣ ಗಟ್ಟಿಯಾಗಿ ಕಣಕವನ್ನು ಹರಿಯುತ್ತದೆ. ಕಡುಬಿನ ಉಕ್ಕರಿಸಿದ ಅಕ್ಕಿಹಿಟ್ಟು ಮಾತ್ರ ಆಗಿಂದಾಗಲೇ ಆಗಬೇಕು, ಆರಿದರೆ ಬಿರಿಯುತ್ತದೆ. ತೆಂಗಿನಕಾಯಿಯನ್ನು ಹಿಂದಿನ ಭಾನುವಾರವೇ ತುರಿದು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿ. ಹಬ್ಬದ ಬೆಳಗ್ಗೆ ತುರಿಯುವ ಮಣೆಯ ಮೇಲೆ ಕೂರುವುದು ತಪ್ಪಿದರೆ ಅರ್ಧ ಗಂಟೆ ಉಳಿಯುತ್ತದೆ.

ದೀಪಾವಳಿ ಫರಾಳಕ್ಕೆ ಎರಡು ವಾರಾಂತ್ಯ ಇಟ್ಟುಕೊಳ್ಳಿ. ಜಾಸ್ತಿ ದಿನ ಬಾಳುವುದು ಮೊದಲು: ಶಂಕರಪೋಳಿ, ಚಕ್ಕುಲಿ. ಆಮೇಲೆ ಅವಲಕ್ಕಿ ಚಿವ್ಡಾ, ಬೇಸನ್ ಉಂಡೆ. ಕರ್ಜಿಕಾಯಿಗೆ ಒಣಕೊಬ್ಬರಿ ಹಾಕಿದರೆ ಮೊದಲೇ ಮಾಡಬಹುದು, ಹಸಿಕಾಯಿ ಹಾಕುವವರು ಕೊನೆಯ ದಿನಕ್ಕೆ ಬಿಡಿ. ಹಸಿಕಾಯಿ ಹಾಕಿದ ರವೆ ಉಂಡೆಗೂ ಇದೇ ಮಾತು.

ಚಕ್ಕುಲಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಮೆತ್ತಗಾದ ಚಕ್ಕುಲಿಯಷ್ಟು ಬೇಜಾರು ತರುವುದು ಇನ್ನೊಂದಿಲ್ಲ. ಹಿಟ್ಟಿಗೆ ಚೆನ್ನಾಗಿ ಕಾದ ಎಣ್ಣೆ ಹಾಕಿ ಕಲಸಿ. ಒಂದೇ ಸಲಕ್ಕೆ ಎಲ್ಲ ಹಿಟ್ಟೂ ಕಲಸಬೇಡಿ, ಎರಡು-ಮೂರು ಸಲ ಕರಿಯಲು ಆಗುವಷ್ಟು ಮಾತ್ರ, ಉಳಿದದ್ದು ಒದ್ದೆ ಬಟ್ಟೆ ಮುಚ್ಚಿಟ್ಟರೂ ಹೊತ್ತಾದಂತೆ ಎಣ್ಣೆ ಕುಡಿಯುತ್ತದೆ. ಮಧ್ಯಮ ಉರಿ. ಎಣ್ಣೆಯಲ್ಲಿ ಚಕ್ಕುಲಿಯ ಸುತ್ತ ಏಳುವ ಗುಳ್ಳೆ ಅಡಗಿದರೆ ಒಳಗೂ ಬೆಂದಿದೆ ಅಂತ, ಬಣ್ಣ ನೋಡಿ ಅವಸರದಲ್ಲಿ ತೆಗೆಯಬೇಡಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ. ಕೈಗೆ ಚೂರು ಬೆಚ್ಚಗೆ ಅನಿಸಿದರೂ ಮುಚ್ಚಳ ಹಾಕಬೇಡಿ, ಮುಂಬೈಯ ಗಾಳಿಯಲ್ಲಿರುವ ತೇವವೇ ಸಾಕು, ಒಳಗಿನ ಹಬೆಯೂ ಸೇರಿದರೆ ಮರುದಿನಕ್ಕೆ ಮೆತ್ತಗೆ. ದೊಡ್ಡ ಡಬ್ಬಿ ಒಂದನ್ನು ಮೇಲೆ ಇಟ್ಟು, ದಿನಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ಹಾಕಿ ಕೆಳಗಿಡಿ. ಹತ್ತು ಸಲ ತೆರೆಯುವ ಡಬ್ಬಿ ಚಿಕ್ಕದಾಗಿರಲಿ.

ಹಂತ 9: ದುಡ್ಡು, ಬೋನಸ್, ಮೌಶಿಯ ರಜೆ

ಲಕೋಟೆಗಳ ಮೇಲೆ ಹೆಸರು ಬರೆದು ಅಕ್ಟೋಬರ್ ಸಂಬಳ ಬಂದ ದಿನವೇ ಹಣ ಹಾಕಿಡಿ: ಪ್ರಯಾಣ, ಬಟ್ಟೆ, ಕಿರಾಣಿ, ಪೂಜೆ-ದಕ್ಷಿಣೆ, ಬೋನಸ್. ಬೋನಸ್ ಲಕೋಟೆಯನ್ನೇ ಎಲ್ಲಕ್ಕಿಂತ ಮೊದಲು ತುಂಬಿ. ಮನೆಗೆಲಸದ ಮೌಶಿಗೆ ಒಂದು ತಿಂಗಳ ಸಂಬಳ ಕೊಡುವುದು ಇಲ್ಲಿ ಅನೇಕ ಮನೆಗಳ ರೂಢಿ. ವಾಚ್‌ಮನ್, ಕಸ ಒಯ್ಯುವವರು, ಹಾಲು-ಪೇಪರಿನವರು, ಇಸ್ತ್ರಿಯವರು, ಲಿಫ್ಟ್‌ನವರು ಎಲ್ಲರ ಹೆಸರೂ ಒಂದೇ ಸಲ ಬರೆದುಕೊಂಡರೆ ಬಾಗಿಲಿಗೆ ಬಂದಾಗ ಚಿಲ್ಲರೆ ಹುಡುಕುವುದು ಇರುವುದಿಲ್ಲ. ಧನತ್ರಯೋದಶಿಗೆ ಮೊದಲೇ ಕೊಟ್ಟುಬಿಡಿ. ಅವರೂ ತಮ್ಮ ಮಕ್ಕಳಿಗೆ ಬಟ್ಟೆ ತರಬೇಕು, ಹಬ್ಬ ಆದ ಮೇಲೆ ಸಿಕ್ಕ ಹಣದಿಂದ ಆ ಸಂತೋಷ ಬರುವುದಿಲ್ಲ.

ಮೌಶಿಯನ್ನು ಒಂದು ತಿಂಗಳ ಮೊದಲೇ ಕೇಳಿ: "ನೀವು ಊರಿಗೆ ಯಾವಾಗ ಹೋಗ್ತೀರಿ?" ಈ ಊರಿನಲ್ಲಿ ಮನೆಗೆಲಸ ಮಾಡುವ ಎಷ್ಟೋ ಹೆಂಗಸರು ನಮ್ಮ ಕಲಬುರಗಿ, ವಿಜಯಪುರ ಕಡೆಯವರೇ. ಅವರಿಗೂ ಅದೇ ಗಾಡಿ, ಅದೇ ಬುಕಿಂಗು. ಅವರ ರಜೆ ನಮ್ಮ ಹಾಳೆಯ ಮೇಲೆ ಬರಬೇಕು, ಸಾಧ್ಯವಾದರೆ ನಮ್ಮ ಟಿಕೆಟ್ ಮಾಡುವಾಗ ಅವರದ್ದೂ ವಿಚಾರಿಸಿ. ಅವರಿಲ್ಲದ ದಿನಗಳಿಗೆ ಊಟದ ತಟ್ಟೆ ಅವರವರೇ ತೊಳೆಯುವುದು ಅಂತ ಮನೆಯಲ್ಲಿ ನಿಯಮ ಮಾಡಿ, ಗಂಡಸರಿಗೂ ಸೇರಿಸಿ.

ಹಂತ 10: ನಿದ್ದೆ, ಮಾತ್ರೆ, ಸದ್ದು

ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳು ಎರಡು ವಾರಕ್ಕೆ ಆಗುವಷ್ಟು ಮನೆಯಲ್ಲಿರಲಿ. ದೀಪಾವಳಿ ವಾರದಲ್ಲಿ ಮಾಮೂಲಿ ಡಾಕ್ಟರ್ ಕ್ಲಿನಿಕ್ ಮುಚ್ಚಿರಬಹುದು, ಯಾವ ದಿನ ಇರುತ್ತಾರೆ ಅಂತ ಕೇಳಿಡಿ. ಉಸಿರಾಟದ ತೊಂದರೆ ಇರುವವರ ಇನ್‌ಹೇಲರ್ ಖಾಲಿಯಾಗಿಲ್ಲ ತಾನೇ? ಪಟಾಕಿ ಹೊಗೆ ಬರುವ ಸಂಜೆ ಕಿಟಕಿ ಮುಚ್ಚಿ, ಅವರನ್ನು ಒಳಗಿನ ಕೋಣೆಯಲ್ಲಿ ಕೂರಿಸಿ.

ಧ್ವನಿವರ್ಧಕಕ್ಕೆ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅವಕಾಶ ಇಲ್ಲ, ಹಬ್ಬದ ಕೆಲವೇ ದಿನ ಸರ್ಕಾರ 12ರವರೆಗೆ ಸಡಿಲ ಕೊಡುತ್ತದೆ. ಆ ದಿನಗಳು ಯಾವುವು ಅಂತ ತಿಳಿದಿದ್ದರೆ ಹಸುಗೂಸು ಇರುವ ಮನೆಯವರು ಅವತ್ತು ಸಂಬಂಧಿಕರ ಮನೆಗೆ ಹೋಗಬಹುದು. ಹಬ್ಬದ ಹಿಂದಿನ ರಾತ್ರಿ 11ಕ್ಕೆ ಅಡುಗೆಮನೆ ದೀಪ ಆರಬೇಕು. ಉಳಿದದ್ದು ಉಳಿಯಲಿ. ನಿದ್ದೆಗೆಟ್ಟ ಅಮ್ಮ ಬೆಳಗ್ಗೆ ಸಿಡುಕಿದರೆ ಮಕ್ಕಳಿಗೆ ಆ ದಿನದ ಹೋಳಿಗೆ ನೆನಪಿರುವುದಿಲ್ಲ, ಸಿಡುಕು ನೆನಪಿರುತ್ತದೆ.

ಹಂತ 11: ಹಾಳೆಯನ್ನು ಎಸೆಯಬೇಡಿ

ಬಲಿಪಾಡ್ಯಮಿ ಕಳೆದ ವಾರ ಒಂದು ಸಂಜೆ ಅದೇ ಹಾಳೆಯ ಹಿಂಭಾಗದಲ್ಲಿ ಬರೆಯಿರಿ. ಬೆಲ್ಲ ಎಷ್ಟು ತಂದಿರಿ, ಎಷ್ಟು ಉಳಿಯಿತು. ಯಾವ ತಿಂಡಿ ಡಬ್ಬಿಯಲ್ಲೇ ಉಳಿಯಿತು. ಫರಾಳ ಕೊಟ್ಟವರ ಫೋನ್ ನಂಬರ್. ಯಾರ ಡಬ್ಬಿ ಯಾರ ಮನೆಯಲ್ಲಿದೆ. ದೀಪಗಳು, ತೋರಣ, ಗೂಡುದೀಪ, ಪೂಜೆಯ ಬಟ್ಟೆ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಏನೇನಿದೆ ಅಂತ ಮೇಲೆ ಚೀಟಿ ಅಂಟಿಸಿ, ಹಾಳೆಯನ್ನೂ ಮಡಚಿ ಅದರೊಳಗೇ ಇಡಿ.

ಹೊಸ ಕ್ಯಾಲೆಂಡರ್ ಬಂದ ದಿನ ಆ ಪೆಟ್ಟಿಗೆ ಇಳಿಸಿ. 2027ರಲ್ಲಿ ಚೌತಿ ಸೆಪ್ಟೆಂಬರ್ 4ರ ಶನಿವಾರ. ಶುಕ್ರವಾರ ರಾತ್ರಿ ಊರಿಗೆ ಹೊರಡುವವರಿಗೆ ಬುಕಿಂಗ್ ಜುಲೈ 5ಕ್ಕೆ ತೆರೆಯುತ್ತದೆ, ಮೊದಲು ಅದನ್ನು ಬರೆಯಿರಿ.